‘ಅಂತೆ’ ಇದ್ದಲ್ಲೆಲ್ಲ ಉಪಮೆಯಿಲ್ಲ

ಕಾವ್ಯದ ಪರಿಭಾಷೆಯನ್ನು ನಾನು ಮೊದಲು ಕಲಿತದ್ದು ಲಕ್ಷಣಗಳನ್ನು ಬಾಯಿಪಾಠ ಮಾಡಿ. ಉಪಮೆ, ರೂಪಕ, ಉತ್ಪ್ರೇಕ್ಷೆ, ಶ್ಲೇಷೆ ಎಂಬ ಅಲಂಕಾರಗಳ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುತ್ತಿದ್ದವನು, ಓದಿರದ ಪದ್ಯವೊಂದು ಎದುರಾದರೆ ಮಾತ್ರ ಯಾವುದಾದರೂ ಗುರುತಿಗಾಗಿ ತಡಕಾಡುತ್ತಿದ್ದೆ. ಹೋಲಿಕೆಯ ಅಲಂಕಾರವಾದ ಉಪಮೆಗೆ ನಾನು ನಂಬಿಕೊಂಡಿದ್ದ ಗುರುತು ‘ಅಂತೆ’. ಅದು ಕಂಡಲ್ಲೆಲ್ಲ ಅಡಿಗೆರೆ ಎಳೆದು ಅಂಚಿನಲ್ಲಿ ‘ಉಪಮೆ’ ಎಂದು ಬರೆಯುತ್ತಿದ್ದೆ. ಮುಂದೊಮ್ಮೆ ಆ ಟಿಪ್ಪಣಿಗಳನ್ನು ತಿರುವಿಹಾಕಿದಾಗ, ‘ಒಬ್ಬ ರಾಜನಿದ್ದನಂತೆ’ ಎಂಬುದರ ಪಕ್ಕದಲ್ಲೂ ‘ಗುರುಗಳು ಹೇಳಿದಂತೆ ನಡೆದನು’ ಎಂಬುದರ ಪಕ್ಕದಲ್ಲೂ ಅದೇ ಹಣೆಪಟ್ಟಿ ಇತ್ತು. ಮೊದಲನೆಯದು ಕೇಳಿದ ಸುದ್ದಿ, ಎರಡನೆಯದು ನಡೆದ ರೀತಿ. ಹೋಲಿಕೆ ಎರಡರಲ್ಲೂ ಇಲ್ಲ.

ಆಮೇಲೆ ಗುರುತು ಹುಡುಕುವುದನ್ನು ಬಿಟ್ಟು, ಒಂದೇ ನೋಟವನ್ನು ನಾನೇ ಬೇರೆ ಬೇರೆ ಅಲಂಕಾರಗಳಲ್ಲಿ ಬರೆದು ನೋಡತೊಡಗಿದೆ. ‘ಸಂಜೆಯ ಮೋಡ ಕೆಂಡದಂತೆ ಹೊಳೆಯಿತು’ ಎಂಬಲ್ಲಿ ವರ್ಣಿಸುತ್ತಿರುವ ಮೋಡ ಉಪಮೇಯ, ಅದಕ್ಕೆ ಹೋಲಿಕೆಯಾಗಿ ತಂದ ಕೆಂಡ ಉಪಮಾನ, ಹೋಲಿಕೆಯ ಪದ ‘ಅಂತೆ’ ಉಪಮಾವಾಚಕ, ಎರಡಕ್ಕೂ ಸಮಾನವಾದ ಹೊಳೆಯುವುದು ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಕೆಂಡದಂತಹ ಮೋಡ’ ಎಂದರೆ ಸಮಾನಧರ್ಮ ಬಿಟ್ಟುಹೋಗಿ ಲುಪ್ತೋಪಮೆಯಾಗುತ್ತದೆ. ‘ಮೋಡವೆಂಬ ಕೆಂಡ’ ಎಂದೊಡನೆ ಎರಡೂ ಒಂದೇ ಎಂಬ ಅಭೇದ ಏರ್ಪಟ್ಟು ರೂಪಕವಾಗುತ್ತದೆ. ‘ಬಾನು ಒಲೆ ಹಚ್ಚಿತೋ ಎಂಬಂತೆ ಮೋಡ ಹೊಳೆಯಿತು’ ಎಂಬಲ್ಲಿ ಮತ್ತೆ ‘ಅಂತೆ’ ಬಂದಿದ್ದರೂ ಅದು ಉಪಮೆಯಲ್ಲ. ಇಲ್ಲದ್ದನ್ನು ಇದ್ದೀತೆಂದು ಸಂಭಾವಿಸಿರುವುದರಿಂದ ಉತ್ಪ್ರೇಕ್ಷೆ.

ಹೀಗೆ ಬರೆಯುವಾಗ ಯಾವ ವ್ಯಾಖ್ಯೆಯೂ ಹೇಳಿಕೊಡದ ಸಂಗತಿಯೊಂದು ಕಣ್ಣಿಗೆ ಬಿತ್ತು. ಉಪಮೆಯನ್ನು ಬರೆದ ಮೇಲೆ ಮುಂದಿನ ಸಾಲಿಗೆ ನಾನು ಹೊಸದಾಗಿ ಯೋಚಿಸಬೇಕಾಗಿತ್ತು. ರೂಪಕವಾದರೋ ತಾನೇ ಮುಂದುವರಿಯಿತು: ಮೋಡ ಕೆಂಡವಾದರೆ ಅದರ ಮೇಲೆ ಕವಿಯುವ ಇರುಳು ಬೂದಿ, ನಸುಕಿನ ಗಾಳಿ ಆ ಬೂದಿಯನ್ನು ಊದುವ ಉಸಿರು. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದೂ ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದೂ ಕರೆಯುವ ವಾಡಿಕೆಯನ್ನು ಬರಿಯ ಹೊಗಳಿಕೆ ಎಂದುಕೊಂಡಿದ್ದ ನನಗೆ, ಅವು ಎರಡು ಬೇರೆ ಬೇರೆ ಮನೋಧರ್ಮಗಳ ಹೆಸರುಗಳೂ ಇರಬಹುದೆಂದು ಆಗ ಅನ್ನಿಸಿತು.

ಛಂದಸ್ಸಿನ ಭಯ ಹೋದದ್ದೂ ಇದೇ ದಾರಿಯಲ್ಲಿ. ಆರು ಸಾಲಿನ ಪದ್ಯರೂಪವಾದ ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 3+4+3+4ರ ಗಣಗಳಂತೆ (ಗುಂಪುಗಳಂತೆ) 14 ಮಾತ್ರೆಗಳು; ಮಾತ್ರೆ ಎಂದರೆ ಅಕ್ಷರದ ಉಚ್ಚಾರಣೆಗೆ ಹಿಡಿಯುವ ಕಾಲದ ಅಳತೆ. 3 ಮತ್ತು 6ನೆಯ ಸಾಲುಗಳಲ್ಲಿ 3+4+3+4+3+4 ಆದ ಮೇಲೆ ಒಂದು ಗುರು, ಒಟ್ಟು 23. ಕಿರಿದಾಗಿ ಉಚ್ಚರಿಸುವ ಅಕ್ಷರವಾದ ಲಘುವಿಗೆ 1 ಮಾತ್ರೆ, ಹಿರಿದಾಗಿ ಉಚ್ಚರಿಸುವ ಗುರುವಿಗೆ 2. ಮಹಾಕವಿಗಳ ಪದ್ಯಗಳಿಗೆ ಪ್ರಸ್ತಾರ ಹಾಕಿ, ಅಂದರೆ ಲಘು ಗುರುಗಳನ್ನು ಗುರುತಿಸಿ, ದಣಿದ ಮೇಲೆ, ಕಾವ್ಯಗುಣದ ಹಂಗಿಲ್ಲದೆ ನಾನೇ ಎರಡು ಸಾಲು ಹೊಸೆದೆ:

ಮುಗಿಲ ಮರೆಯಲಿ ಹೊಳೆವ ಚಂದಿರ
ನಗುತ ಬಂದನು ಬೆಳಕ ತಂದನು

ಮೊದಲು ‘ಮರೆಯಲ್ಲಿ ಹೊಳೆಯುವ’ ಎಂದು ಬರೆದಿದ್ದೆ. ಒತ್ತಕ್ಷರದ ಹಿಂದಿನ ‘ಯ’ ಗುರುವಾದ್ದರಿಂದ ‘ಮರೆಯಲ್ಲಿ’ 5 ಮಾತ್ರೆಯಾಗಿ ನಾಲ್ಕರ ಗಣ ಕೆಟ್ಟಿತು. ‘ಹೊಳೆಯುವ’ 4 ಆಗಿ ಮೂರರ ಗಣ ಕೆಟ್ಟಿತು. ‘ಅಲ್ಲಿ’ ಎಂಬುದು ಪದ್ಯದಲ್ಲಿ ‘ಅಲಿ’ ಆಗುವುದನ್ನು ಕವಿಯ ಒಂದು ಬಗೆಯ ಶೋಕಿ ಎಂದು ಭಾವಿಸಿದ್ದವನಿಗೆ, ಒಂದು ಮಾತ್ರೆಯ ಲೆಕ್ಕ ಅಲ್ಲಿ ಏನು ಮಾಡುತ್ತದೆಂಬುದು ಬೆರಳೆಣಿಕೆಯಲ್ಲೇ ತಿಳಿಯಿತು.

ಪ್ರಾಸದ ವಿಷಯದಲ್ಲೂ ನನ್ನದು ತಪ್ಪು ಕಲ್ಪನೆಯೇ. ಸಾಲಿನ ಕೊನೆ ಹೊಂದುವುದೇ ಪ್ರಾಸ ಎಂದುಕೊಂಡಿದ್ದೆ, ಅದು ಅಂತ್ಯಪ್ರಾಸ. ಹಳೆಯ ಕಾವ್ಯ ಪಟ್ಟುಹಿಡಿದು ಪಾಲಿಸುವ ಆದಿಪ್ರಾಸ ಸಾಲಿನ ಎರಡನೆಯ ಅಕ್ಷರದ ವ್ಯಂಜನದಲ್ಲಿದೆ. ಮೇಲಿನ ಸಾಲುಗಳಲ್ಲಿ ಅದು ‘ಗ’ಕಾರ, ಅದರ ಹಿಂದಿನ ಸ್ವರ ಎರಡರಲ್ಲೂ ಹ್ರಸ್ವವಾದ್ದರಿಂದ ಸಿಂಹಪ್ರಾಸ.

ಧ್ವನಿಯ, ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥದ, ವಿಚಾರ ಇಷ್ಟು ಸುಲಭವಾಗಿ ಕೈಗೆ ಸಿಗಲಿಲ್ಲ. ‘ಗಂಗೆಯಲ್ಲಿ ಹಳ್ಳಿ’ ಎಂಬ ಶಾಸ್ತ್ರದ ಹಳೆಯ ಉದಾಹರಣೆಯನ್ನೇ ಬಹಳ ದಿನ ಹಿಡಿದು ಕೂತಿದ್ದೆ. ನೀರಿನ ಮೇಲೆ ಹಳ್ಳಿ ಇರಲಾರದಾದ್ದರಿಂದ ಪದಗಳ ನೇರ ಅರ್ಥವಾದ ವಾಚ್ಯಾರ್ಥ ನಿಲ್ಲುವುದಿಲ್ಲ. ಹತ್ತಿರದ ಸಂಬಂಧ ಹಿಡಿದು ಬೇರೆ ಅರ್ಥ ಕೊಡುವ ಲಕ್ಷಣೆಯಿಂದ ದಡ ಎಂಬ ಅರ್ಥ ಬರುತ್ತದೆ. ಹಾಗಾದರೆ ನೇರವಾಗಿ ದಡ ಎಂದೇ ಏಕೆ ಹೇಳಲಿಲ್ಲ? ದಡ ಎಂದು ಬದಲಿಸಿ ಓದಿದೆ. ಅರ್ಥ ಉಳಿಯಿತು, ತಂಪು ಹೋಯಿತು, ಪಾವಿತ್ರ್ಯ ಹೋಯಿತು. ಹಾಗೆ ಹೋದದ್ದೇ ವ್ಯಂಗ್ಯಾರ್ಥ, ಅಂದರೆ ಸೂಚಿತವಾದ ಅರ್ಥ. ಅಂದಿನಿಂದ ಪದ್ಯದ ಅಂಚಿನಲ್ಲಿ ಅಲಂಕಾರದ ಹೆಸರು ಬರೆಯುವ ಮೊದಲು, ಆ ಸಾಲನ್ನು ಸಪ್ಪೆ ಮಾತಿಗಿಳಿಸಿ ಕೆಳಗೆ ಬರೆದು, ಏನು ಕಳೆಯಿತೆಂದು ನೋಡುತ್ತೇನೆ. ಹೆಸರು ಕೆಲವೊಮ್ಮೆ ಈಗಲೂ ತಪ್ಪುತ್ತದೆ.