ಮಳೆಗಾಲದ ಹಸಿಕಸಕ್ಕೆ ಅಡಿಕೆ ಸಿಪ್ಪೆ: ನಮ್ಮ ಪಂಚಾಯಿತಿ ಘಟಕದ ಅನುಭವ

ಆರಿದ್ರಾ ಮಳೆ ಹಿಡಿದ ಮೇಲೆ ಹಸಿಕಸ ಕೊಳೆತು ನಾರುವುದೇ ಹೊರತು ಗೊಬ್ಬರವಾಗುವುದಿಲ್ಲ ಎಂಬುದು ಮಲೆನಾಡಿನಲ್ಲಿ ಕಸದ ಘಟಕ ನಡೆಸುವವರೆಲ್ಲರೂ ಒಪ್ಪಿಕೊಂಡಿರುವ ಮಾತು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಪಂಚಾಯಿತಿಯ ಘಟಕದಲ್ಲಿ ಕಳೆದ ಎರಡು ಮಳೆಗಾಲಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಶಿಗಳು ಬಿಸಿಯಾಗಿಯೇ ಇದ್ದವು, ಗೊಬ್ಬರವನ್ನು ಬೆಳೆಗಾರರು ಬಾಗಿಲಿಗೇ ಬಂದು ಒಯ್ದರು. ಇದಕ್ಕೆ ನಾವು ಬಳಸಿದ್ದು ಜನ ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುವ ಅಡಿಕೆ ಸಿಪ್ಪೆಯನ್ನು. ಸಿಪ್ಪೆ ಒಂದು ವರ್ಷವಾದರೂ ಕರಗುವುದಿಲ್ಲ ಎಂದು ಎಂಜಿನಿಯರರೂ ತೋಟದವರೂ ಎಚ್ಚರಿಸಿದ್ದರು. ಅದು ಬೇಗ ಕರಗಲೇಬೇಕೆಂಬ ಹಟವನ್ನು ನಾವು ಬಿಟ್ಟುಕೊಟ್ಟದ್ದರಿಂದಲೇ ಕೆಲಸ ಕೈಗೂಡಿತು.

ಸ್ವಚ್ಛ ಸಂಕೀರ್ಣಕ್ಕೆ, ಅಂದರೆ ಪಂಚಾಯಿತಿಯ ಕಸದ ಘಟಕಕ್ಕೆ, ಮಂಜೂರಾದ ಮಾದರಿ ಅಂದಾಜುಪಟ್ಟಿ ಬಯಲುಸೀಮೆಯ ಮಳೆಯನ್ನು ಲೆಕ್ಕ ಹಾಕಿ ಬರೆದದ್ದು ಎಂಬುದು ನನ್ನ ಅಭಿಪ್ರಾಯ. ಸಾಲಾಗಿ ಕಟ್ಟಿದ ನಾಡೆಪ್ ತೊಟ್ಟಿಗಳಿಗೆ (ಗಾಳಿಯಾಡಲು ಗೋಡೆಯಲ್ಲಿ ಕಿಂಡಿ ಬಿಟ್ಟ ಇಟ್ಟಿಗೆಯ ಗೊಬ್ಬರ ತೊಟ್ಟಿಗಳು) ಮೇಲೆ ತಗಡಿದ್ದರೂ ಪಕ್ಕದ ಕಿಂಡಿಗಳಿಂದ ಎರಚಲು ನುಗ್ಗಿ, ಮೊದಲ ಮಳೆಗಾಲದಲ್ಲಿಯೇ ತಳದಲ್ಲಿ ಮೊಣಕಾಲುದ್ದ ಕಪ್ಪು ನೀರು ನಿಂತಿತು. ತೊಟ್ಟಿಯನ್ನು ಬಿಟ್ಟು ನೆಲದ ಮೇಲೆ ರಾಶಿ ಹಾಕಿದೆವು; ದರಗು (ಉದುರಿದ ಒಣ ಎಲೆ) ಬೆರೆಸಿದರೆ ಅದು ವಾರದೊಳಗೆ ಮುದ್ದೆಯಾಗಿ ಗಾಳಿಯಾಡದಂತಾಯಿತು. ಮರದ ಮಿಲ್ಲಿನಿಂದ ಹೊಟ್ಟು ತಂದಾಗ ಫಲಿತಾಂಶ ಚೆನ್ನಾಗಿಯೇ ಇತ್ತು, ಆದರೆ ಚೀಲಕ್ಕೆ 60 ರೂಪಾಯಿಯಂತೆ ಕೊಟ್ಟು ಕಸಕ್ಕೆ ಹೊಟ್ಟು ಸುರಿಯುವ ಶಕ್ತಿ ಯಾವ ಪಂಚಾಯಿತಿಗಿದೆ? ಇದರ ನಡುವೆ ಸುಮಾರು ಒಂದೂವರೆ ಲಕ್ಷದ ಕತ್ತರಿಸುವ ಯಂತ್ರವೊಂದು ಬಂತು. ಸಿಪ್ಪೆಯ ನಾರು ಅದರ ದಂಡಕ್ಕೆ ಸುತ್ತಿಕೊಂಡು ಮೋಟಾರು ಸುಟ್ಟುಹೋಯಿತು, ಸರಬರಾಜುದಾರರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಆಸ್ತಿ ವಹಿಯಲ್ಲಿ ಇರುವುದರಿಂದ ಅದನ್ನು ಗುಜರಿಗೂ ಹಾಕುವಂತಿಲ್ಲ. ಟಾರ್ಪಾಲಿನ ಅಡಿಯಲ್ಲಿ ಅದು ಈಗಲೂ ಲೆಕ್ಕ ತಪಾಸಣೆಗೆ ಕಾಯುತ್ತಿದೆ.

ನಮ್ಮ ಭಾಗದಲ್ಲಿ ಸಿಪ್ಪೆ ಬರುವುದು ದೀಪಾವಳಿಯ ಸುಮಾರಿಗೆ ಆರಂಭವಾಗುವ ಕೊಯ್ಲಿನಲ್ಲಿ, ಅದು ಬೇಕಾಗುವುದು ಜೂನ್‌ನಲ್ಲಿ. ಈ ಏಳೆಂಟು ತಿಂಗಳ ಅಂತರವನ್ನು ದಾಟಿಸುವುದೇ ನಿಜವಾದ ಕೆಲಸ. ಬೇಯಿಸುವ ಅಡಿಕೆಯನ್ನು ಹಸಿರಿರುವಾಗಲೇ ಸುಲಿಯುವುದರಿಂದ ಆ ಸಿಪ್ಪೆಯಲ್ಲಿ ನೀರು ತುಂಬಿರುತ್ತದೆ, ಗುಡ್ಡೆ ಹಾಕಿ ಬಿಟ್ಟರೆ ಕಂದು ರಸ ಬಿಟ್ಟು ಹುಳಿ ನಾತ ಹೊಡೆಯುತ್ತದೆ. ಚಾಲಿಯ, ಅಂದರೆ ಹಣ್ಣಡಿಕೆಯನ್ನು ಇಡಿಯಾಗಿ ಒಣಗಿಸಿ ಸುಲಿಯುವ ಅಡಿಕೆಯ, ಸಿಪ್ಪೆ ಒಣಗಿಯೇ ಬರುತ್ತದಾದರೂ ನಮ್ಮ ಕಡೆ ಚಾಲಿ ಮಾಡುವವರು ಕಡಿಮೆ. ಆದ್ದರಿಂದ ಬಂದ ಸಿಪ್ಪೆಯನ್ನು ಗೇಣುದ್ದಕ್ಕಿಂತ ದಪ್ಪವಾಗದಂತೆ ಹರಡಿ, ಚಳಿಗಾಲದ ಬಿಸಿಲಿನಲ್ಲಿ ಮಗುಚಿ ಒಣಗಿಸಿ, ಶಿವರಾತ್ರಿಯ ಹೊತ್ತಿಗೆ ಒಳಗೆ ಸೇರಿಸುತ್ತೇವೆ. ಅರವತ್ತೆಪ್ಪತ್ತು ಟ್ರ್ಯಾಕ್ಟರ್ ಲೋಡು ಒಣಗಿದ ಮೇಲೆ 30ಕ್ಕೆ 40 ಅಡಿಯ ಒಂದು ಶೆಡ್ಡಿನಲ್ಲಿ ಕೂರುತ್ತದೆ. ಬೆಂಕಿಯ ಭಯವಿರುವುದರಿಂದ ಶೆಡ್ಡಿಗೆ ಕರೆಂಟು ಕೊಟ್ಟಿಲ್ಲ.

ಊರಿನ ಮನೆಗಳಿಂದ ಹಸಿಕಸ ಅಷ್ಟಾಗಿ ಬರುವುದಿಲ್ಲ, ಅದು ಕೊಟ್ಟಿಗೆಗೋ ಗೊಬ್ಬರಗುಂಡಿಗೋ ಹೋಗುತ್ತದೆ. ಬರುವುದೆಲ್ಲ ಹೋಟೆಲು, ಕಲ್ಯಾಣ ಮಂಟಪ, ಸಂತೆ ಮತ್ತು ಕೋಳಿ-ಮೀನಿನ ಅಂಗಡಿಗಳಿಂದ, ದಿನಕ್ಕೆ ಸರಾಸರಿ 250ರಿಂದ 300 ಕಿಲೋ. ಬುಟ್ಟಿಯ ಅಳತೆಯಲ್ಲಿ ಮೂರು ಬುಟ್ಟಿ ಹಸಿಕಸಕ್ಕೆ ಎರಡು ಬುಟ್ಟಿ ಒಣ ಸಿಪ್ಪೆ ಸಾಕು. ಪುನರ್ವಸು, ಪುಷ್ಯದ ಜಡಿಮಳೆಯಲ್ಲಿ ಸಮಸಮ ಹಾಕುತ್ತೇವೆ. ಸಿಪ್ಪೆಯನ್ನು ಕತ್ತರಿಸುವುದಿಲ್ಲ, ಇಡಿಯಾಗಿದ್ದರೆ ರಾಶಿಯೊಳಗೆ ಗಾಳಿಗೆ ದಾರಿ ಉಳಿಯುತ್ತದೆ. ಪಕ್ಕಕ್ಕೆ ಅಡಿಕೆ ಸೋಗೆಯ (ಗರಿಯ) ತಟ್ಟಿ ಕಟ್ಟಿದ್ದರಿಂದ ಎರಚಲೂ ನಿಂತಿತು. ರಾಶಿಯ ಕಾವು 55 ಡಿಗ್ರಿ ದಾಟಬೇಕು. ತಾಪಮಾಪಕ ಇಲ್ಲದವರು ಹಾರೆಯನ್ನು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಹಿಡಿಯಲಾರದಷ್ಟು ಸುಡಬೇಕು. ಎರಡು ಎರಡೂವರೆ ತಿಂಗಳಿಗೆ ಜರಡಿ ಹಿಡಿದಾಗ ಪುಡಿ ಕೆಳಗಿಳಿಯುತ್ತದೆ, ಅರೆಗೊಳೆತ ಸಿಪ್ಪೆ ಮೇಲುಳಿಯುತ್ತದೆ. ಆ ಉಳಿಕೆಯನ್ನು ಎಸೆಯದೆ ಹೊಸ ರಾಶಿಗೆ ಬೆರೆಸಿದರೆ ಅದೇ ಹೆಪ್ಪಿನಂತೆ ಕೆಲಸ ಮಾಡಿ ಎರಡನೇ ರಾಶಿ ಮೊದಲನೆಯದಕ್ಕಿಂತ ಬೇಗ ಕಾವೇರುತ್ತದೆ. ಹೀಗೆ ಎರಡು ಮೂರು ಸುತ್ತು ತಿರುಗಿ ಸಿಪ್ಪೆ ತನ್ನ ಸಮಯದಲ್ಲಿ ತಾನು ಕರಗುತ್ತದೆ.

ಮೊದಲ ರಾಶಿಗೆ ಚಿಮುಕಿಸುವ ಸಗಣಿ ನೀರಿಗೆ ನಾವು ಇನ್ನೆರಡು ವಸ್ತುಗಳನ್ನು ಸೇರಿಸುತ್ತೇವೆ. ಅವುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಘಟಕಕ್ಕೆ ಬಂದವರಿಗೆ ತೋರಿಸುತ್ತೇವೆ. ಮೀನಿನ ತ್ಯಾಜ್ಯವನ್ನು ಮಾತ್ರ ಎಲ್ಲರೂ ಧೈರ್ಯವಾಗಿ ಬಳಸಬಹುದು: ರಾಶಿಯ ನಡುವೆ ಹುದುಗಿಸಿ ಮೇಲೆ ಒಂದು ಗೇಣು ಸಿಪ್ಪೆ ಮುಚ್ಚಿದರೆ ನಾತವೂ ಬರುವುದಿಲ್ಲ, ನಾಯಿಯೂ ಕೆದಕುವುದಿಲ್ಲ. ಕಾಡುಹಂದಿಗೆ ಈ ಮಾತು ಅನ್ವಯಿಸುವುದಿಲ್ಲ, ಅದಕ್ಕೆ ಬೇಲಿಯೇ ಬೇಕು.

ಒಣ ಸಿಪ್ಪೆಯ ಮೇಲೆ ಚಿಪ್ಪಣಬೆ ಬೆಳೆಸಿಯೂ ನೋಡಿದೆವು. ಅಣಬೆ ಬಂತು, ಆದರೆ ಘಟಕದಲ್ಲಿ ಬೆಳೆದದ್ದನ್ನು ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ. ಅಣಬೆ ಮುಗಿದ ಸಿಪ್ಪೆ ಮಾತ್ರ ರಾಶಿಯಲ್ಲಿ ಅರ್ಧ ಸಮಯದಲ್ಲಿ ಕರಗಿತು. ಯುಪಟೋರಿಯಂ ಎಂಬ ಕಳೆಗಿಡದ ಸೊಪ್ಪನ್ನು ಹೂಬಿಡುವ ಮೊದಲೇ ಕಡಿದು ಹಾಕಿದ್ದೂ ಒಳ್ಳೆಯ ಫಲ ಕೊಟ್ಟಿತಾದರೂ ಕಡಿಯುವ ಕೂಲಿ ಗಿಟ್ಟಲಿಲ್ಲ.

ಸ್ವಸಹಾಯ ಸಂಘದ ಇಬ್ಬರ ಸಂಬಳ ಮತ್ತು ವಾಹನದ ಡೀಸೆಲ್ ಸೇರಿ ತಿಂಗಳಿಗೆ 30 ಸಾವಿರದ ಆಸುಪಾಸು ಖರ್ಚಿದೆ. ಗೊಬ್ಬರ ಕಿಲೋಗೆ 6 ರೂಪಾಯಿಯಂತೆ ವರ್ಷಕ್ಕೆ ಒಂದೂವರೆ ಲಕ್ಷದಷ್ಟು ತರುತ್ತದೆ, ಉಳಿದದ್ದನ್ನು ಮನೆಗಳ 30 ರೂಪಾಯಿ ಶುಲ್ಕವೂ ಹೋಟೆಲು, ಮಂಟಪಗಳ ಶುಲ್ಕವೂ ತುಂಬುತ್ತವೆ. ದಿನನಿತ್ಯದ ಖರ್ಚಿಗೆ ಪಂಚಾಯಿತಿ ನಿಧಿಯನ್ನು ಮುಟ್ಟದೆ ನಡೆಯುವ ಘಟಕಗಳು ಸುತ್ತಮುತ್ತ ಬೇರೆ ಇದ್ದರೆ ನಾನು ನೋಡಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾದ ಪಾಲಿನಿಂದ ಸಿಪ್ಪೆಯ ಶೆಡ್ಡನ್ನು ಕಟ್ಟಿಸಲು ಹೊರಟಾಗ, ಅಂಥ ಬಾಬತ್ತು ಮಾದರಿ ಪಟ್ಟಿಯಲ್ಲೇ ಇಲ್ಲವೆಂಬ ಉತ್ತರ ಬಂತು. ‘ಒಣ ಸಾಮಗ್ರಿ ದಾಸ್ತಾನು’ ಎಂದು ಬರೆದ ಮೇಲೆ ಮಂಜೂರಾಯಿತು. ಮಲೆನಾಡಿನ ಪಂಚಾಯಿತಿಗಳಿಗೆ ಯಂತ್ರದ ಬದಲು ಈ ಶೆಡ್ಡನ್ನೇ ಕೊಡುವಂತಾಗಬೇಕು.

ಹಾಗೆಂದು ಊರಿನ ಸಿಪ್ಪೆಯೆಲ್ಲ ನಮ್ಮಲ್ಲಿಗೆ ಬರುತ್ತದೆ ಎಂದಲ್ಲ, ನಮಗೆ ಹಿಡಿಸುವುದು ಅದರ ಒಂದು ಸಣ್ಣ ಪಾಲು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ತ್ಯಾಜ್ಯವನ್ನು ಅವರವರ ಜಾಗದಲ್ಲಿಯೇ ಪ್ರತ್ಯೇಕವಾಗಿ ಇಡಬೇಕೆಂದಿದ್ದವು, ಬಯಲಿನಲ್ಲಿ ಸುಡುವುದನ್ನು ನಿಷೇಧಿಸಿದ್ದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವನ್ನೂ ನಿಗದಿಪಡಿಸಿತ್ತು. ನಮ್ಮ ಭಾಗದಲ್ಲಿ ಆ ದಂಡ ಕಟ್ಟಿದವರನ್ನು ನಾನು ಕಂಡಿಲ್ಲ, ಹೊಗೆಯನ್ನು ಮಾತ್ರ ಪ್ರತಿ ಕೊಯ್ಲಿನಲ್ಲೂ ಕಾಣುತ್ತೇನೆ.

ಆರಂಭದಲ್ಲಿ ಸಿಪ್ಪೆ ತಂದು ಸುರಿಯುವವರಿಂದ ಲೋಡಿಗೆ ನೂರು ರೂಪಾಯಿ ಪಡೆಯುತ್ತಿದ್ದೆವು. ಗೊಬ್ಬರಕ್ಕೆ ಬೇಡಿಕೆ ಬಂದದ್ದನ್ನು ನೋಡಿ ಅವರೇ ಈಗ ಸಿಪ್ಪೆಗೆ ದರ ಕೇಳುತ್ತಿದ್ದಾರೆ. ಹಣದ ಬದಲು, ಹತ್ತು ಲೋಡು ಕೊಟ್ಟವರಿಗೆ ಒಂದು ಲೋಡು ಗೊಬ್ಬರವನ್ನು ಅರ್ಧ ಬೆಲೆಗೆ ಕೊಡುವುದೆಂದು ಈ ಸಲ ಒಪ್ಪಂದವಾಗಿದೆ. ಜನವರಿ ಕಳೆದ ಮೇಲೆ ತಂದ ಹಸಿ ಸಿಪ್ಪೆಯನ್ನು ಶಿವರಾತ್ರಿಯೊಳಗೆ ಒಣಗಿಸಲಾಗದಿರುವುದರಿಂದ, ಅದನ್ನು ಯಾರ ಶಿಫಾರಸಿಗೂ ಒಳಗೆ ಬಿಡುವುದಿಲ್ಲ.