ಗ್ಯಾಸ್ ಗೀಸರ್ ನಾನೇ ಬಿಚ್ಚಿ ರಿಪೇರಿ ಮಾಡಿದ್ದು, ಆಮ್ಯಾಲೆ ಅದನ್ನ ಬಾತ್‌ರೂಮಿನಿಂದ ಹೊರಗ ಹಾಕಿದ್ದು

ಗವಿಮಠದ ಜಾತ್ರಿ ಬಂತಂದ್ರ ಕೊಪ್ಪಳದಾಗ ಯಾರ ಮನೀನೂ ಖಾಲಿ ಇರಂಗಿಲ್ಲ. ಆ ವರ್ಷ ನಮ್ಮ ಮನ್ಯಾಗ ಹನ್ನೊಂದು ಮಂದಿ, ಕುಷ್ಟಗಿಯಿಂದ ಅತ್ತಿ ಮಾವ, ಗಂಗಾವತಿಯಿಂದ ಅಕ್ಕನ ಮಕ್ಕಳು, ಎಲ್ಲಾರೂ ತೇರಿನ ದಿನ ಮುಂಜಾನೆದ್ದು ಜಳಕ ಮುಗಿಸಿ ಗದ್ದಿಗಿ ದರ್ಶನಕ್ಕ ಹೋಗಬೇಕಂತ ಟವೆಲ್ ಹೆಗಲಿಗೆ ಹಾಕ್ಕೊಂಡು ನಿಂತಿದ್ರು. ಐದು ಗಂಟೆಕ್ಕ ನಳ ತಿರುವಿದ್ರ ಗೀಸರ್ ಟಕ್ ಟಕ್ ಟಕ್ ಅಂತೈತಿ, ಬೆಂಕಿ ಹತ್ತತೈತಿ, ಎಂಟು ಹತ್ತು ಸೆಕೆಂಡಿಗೆ ಪಟ್ಟನೆ ಆರಿ ಹೋಗತೈತಿ. ಮತ್ತ ತಿರುವಿದ್ರ ಮತ್ತ ಅದ. ಜನವರಿ ಥಂಡಿ, ಮನ್ಯಾಗ ಸಣ್ಣ ಮಕ್ಕಳು, ಕಡೀಕ ಹಿತ್ತಲದಾಗ ಮೂರು ಕಲ್ಲಿಟ್ಟು ಹಳೇ ತಾಮ್ರದ ಹಂಡೆ ಕಾಯಿಸಿದ್ವಿ.

ಎರಡು ದಿನ ಬಿಟ್ಟು ಬಂದ ಮೆಕ್ಯಾನಿಕ್ ಕವರ್ ಸೈತ ಬಿಚ್ಚಲಿಲ್ಲ. ನಳ ಒಂದ್ಸಲ ತಿರುವಿ ನೋಡಿ ಸರ್ಕಿಟ್ ಹೋಗೇತಿ, ನೀವು ಹೊಸಾದು ತಗೊಳ್ಳೋದು ಚಲೋ ಅಂದ. ನಾನು ಹದಿನೆಂಟು ವರ್ಷದಿಂದ ಮೋಟರ್ ರಿವೈಂಡಿಂಗ್ ಮಾಡ್ಕೊಂಡು ಬಂದಾವ, ಬಿಚ್ಚಲಾರದ ಹೋಗೇತಿ ಅನ್ನೋ ಮಾತು ನನಗ ಒಪ್ಪಂಗಿಲ್ಲ. ಆದ್ರ ಗ್ಯಾಸ್ ಅಂದ್ರ ಮೋಟರ್ ಅಲ್ಲ, ಅದು ಗೊತ್ತಿತ್ತು, ಹಂಗಾಗಿ ಮೊದಲು ಎರಡು ದಿನ ಬರೇ ಅದು ಹೆಂಗ ಕೆಲಸ ಮಾಡತೈತಿ ಅನ್ನೋದನ್ನ ತಿಳ್ಕೊಂಡೆ.

ತಿಳ್ಕೊಂಡ ಮ್ಯಾಲೆ ಅನಿಸಿದ್ದು, ಇದು ಬಹಳ ಸರಳ ಮಷೀನ್. ನಳ ತಿರುವಿದಾಗ ನೀರು ಒಳಗ ಹರೀತೈತಿ, ಆ ನೀರಿನ ಒತ್ತಡಕ್ಕ ಒಂದು ಡಯಾಫ್ರಮ್, ಅಂದ್ರ ತೆಳು ರಬ್ಬರ್ ಹಾಳಿ, ಸರಿದು ಒಂದು ಪಿನ್ ಹೊರಗ ತಳ್ಳತೈತಿ, ಆ ಪಿನ್ ಬಾಜೂಕಿರೋ ಮೈಕ್ರೋ ಸ್ವಿಚ್ ಒತ್ತತೈತಿ. ಸ್ವಿಚ್ ಆನ್ ಆತಂದ್ರ ಎರಡು ದೊಡ್ಡ ಸೆಲ್ಲಿನಿಂದ 3 ವೋಲ್ಟ್ ಕರೆಂಟ್ ಸರ್ಕಿಟ್ ಇರೋ ಕರೀ ಡಬ್ಬಿಗೆ ಹೋಗತೈತಿ, ಡಬ್ಬಿ ಸ್ಪಾರ್ಕ್ ಕೊಡತೈತಿ, ಕರೆಂಟಿನಿಂದ ನಡಿಯೋ ಸೊಲೆನಾಯ್ಡ್ ವಾಲ್ವ್ ತಗದು ಗ್ಯಾಸ್ ಬಿಡತೈತಿ. ಬೆಂಕಿ ಹತ್ತಿದ ಮ್ಯಾಲೆ ಇನ್ನೊಂದು ಕಡ್ಡಿ, ಅದಕ್ಕ ಸೆನ್ಸರ್ ಅಂತಾರ, ಅದು ಬೆಂಕಿ ಹತ್ತೇತೋ ಇಲ್ಲೋ ನೋಡತೈತಿ. ಬೆಂಕಿ ಕಾಣಲಿಲ್ಲಂದ್ರ ಕೆಲವು ಸೆಕೆಂಡಿನ್ಯಾಗ ಗ್ಯಾಸ್ ಬಂದ್ ಮಾಡತೈತಿ. ಇಷ್ಟ ನೋಡ್ರಿ. ಎಲ್ಲಿ ತನಕ ಬಂದು ನಿಂತೈತಿ ಅನ್ನೋದನ್ನ ಕಿವಿಯಿಂದ ಕೇಳಿ ಕಣ್ಣಿಂದ ನೋಡಿದ್ರ ಅರ್ಧ ರೋಗ ಅಲ್ಲೇ ಗೊತ್ತಾಗತೈತಿ. ಟಕ್ ಟಕ್ ಸಪ್ಪಳಾನ ಇಲ್ಲಂದ್ರ ನೀರು ಇಲ್ಲಾ ಸೆಲ್ಲು ಇಲ್ಲಾ ಸ್ವಿಚ್. ಸಪ್ಪಳ ಐತಿ ಬೆಂಕಿ ಇಲ್ಲಂದ್ರ ಗ್ಯಾಸ್ ಕಡೆ, ಹೊಸ ಸಿಲಿಂಡರ್ ಹಾಕಿದ್ರ ಪೈಪಿನ್ಯಾಗಿನ ಗಾಳಿ ಹೋಗೋ ತನಕ ಎರಡು ಮೂರು ಸಲ ಹಂಗ ಆಗತೈತಿ. ಬೆಂಕಿ ಹತ್ತಿ ಆರತೈತಿ ಅಂದ್ರ, ನಮ್ಮದು ಆಗಿದ್ದು ಅದ, ಮೊದಲು ಸೆನ್ಸರ್ ಕಡೆ ನೋಡಬೇಕು.

ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ, ಪೈಪಿನ್ಯಾಗ ಉಳಿದ ಗ್ಯಾಸ್ ಒಮ್ಮೆ ಹಚ್ಚಿ ಉರಿಸಿ ಖಾಲಿ ಮಾಡಿ, ಸೆಲ್ ತಗದು ಇಟ್ಟೆ. ಮುಂದಿನ ನಾಬ್ ಎಳೆದ್ರ ಬರ್ತಾವು, ಕೆಳಗ ಎರಡು ಸ್ಕ್ರೂ, ಕವರ್ ಸ್ವಲ್ಪ ಮ್ಯಾಲೆತ್ತಿ ಮುಂದಕ್ಕ ಎಳೆದ್ರ ಬಿಚ್ಚಿಕೊಳ್ಳತೈತಿ. ಬರ್ನರ್ ಮುಂದ ಎರಡು ಸಣ್ಣ ಕಡ್ಡಿ, ಬಿಳೇ ಪಿಂಗಾಣಿ ತಳಾ ಇರ್ತೈತಿ. ಒಂದು ಸ್ಪಾರ್ಕಿಂದು, ಒಂದು ಸೆನ್ಸರ್. ಸೆನ್ಸರ್ ಕಡ್ಡಿ ನೋಡಿದ್ರ ತುದಿಯಿಂದ ತಳದ ತನಕ ಕಂದು ಬಣ್ಣದ ಪದರ, ಉಗುರಿಂದ ಕೆರೆದ್ರ ಸೈತ ಹೋಗವಲ್ದು. ಈ ಕಡ್ಡಿ ಬಿಸಿ ಅಳೆಯೋದಿಲ್ಲ, ಭಾಳ ಮಂದಿ ಹಂಗ ತಿಳ್ಕೊಂಡಾರ, ಬೆಂಕಿಯೊಳಗ ಅತೀ ಸಣ್ಣ ಕರೆಂಟ್ ಹರಿಯೋ ಗುಣ ಐತಿ, ಕಡ್ಡಿಯಿಂದ ಬೆಂಕಿ ಮೂಲಕ ಬರ್ನರ್ ಬಾಡಿಗೆ ಆ ಕರೆಂಟ್ ಹರಿದ್ರ ಡಬ್ಬಿಗೆ ಬೆಂಕಿ ಐತಿ ಅಂತ ತಿಳೀತೈತಿ. ಕಡ್ಡಿ ಮ್ಯಾಲೆ ಹೊಲಸು ಕುಂತ್ರ ಕರೆಂಟ್ ಹರಿಯಂಗಿಲ್ಲ, ಕಣ್ಣ ಮುಂದ ಬೆಂಕಿ ಉರಿಯಾಕತ್ತಿದ್ರೂ ಡಬ್ಬಿಗೆ ಅದು ಕಾಣಂಗಿಲ್ಲ.

ಝೀರೋ ನಂಬರ್ ಎಮರಿ ಪೇಪರ್ ಸಣ್ಣ ತುಂಡು ಮಡಚಿ ಕಡ್ಡಿ ಬೆಳ್ಳಗ ಆಗೋ ತನಕ ತಿಕ್ಕಿದೆ, ಜೋರ ಮಾಡಬ್ಯಾಡ್ರಿ, ಪಿಂಗಾಣಿ ಸೀಳಿದ್ರ ಕಡ್ಡೀನ ಬದಲಿ ಮಾಡಬೇಕಾಗತೈತಿ. ಅದರ ವೈರ್ ಹಿಂದ ಡಬ್ಬಿಗೆ ಸೇರೋ ಕಡೆ ಪಿನ್ ಲೂಸ್ ಇತ್ತು, ಅದನ್ನ ಬಿಗಿ ಮಾಡಿದೆ. ಡಬ್ಬಿಯ ಅರ್ಥ್ ವೈರ್ ಬಾಡಿಗೆ ಸ್ಕ್ರೂ ಆಗಿದ್ದ ಜಾಗ ಜಂಗು ಹಿಡಿದಿತ್ತು, ಅದನ್ನೂ ಕೆರೆದು ಬಿಗಿ ಮಾಡಿದೆ, ಯಾಕಂದ್ರ ಆ ಸಣ್ಣ ಕರೆಂಟ್ ವಾಪಸ್ ಬರೋ ದಾರಿ ಅದ. ಕವರ್ ಹಾಕಿ ನಳ ತಿರುವಿದೆ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್, ಒಂದು ನಿಮಿಷ, ಐದು ನಿಮಿಷ ಉರೀತು. ಖರ್ಚು ಆಗಿದ್ದು ಒಂದು ಎಮರಿ ಪೇಪರ್ ಶೀಟ್.

ಇದಾದ ಮ್ಯಾಲೆ ಅಕ್ಕಪಕ್ಕದವರ ನಾಲ್ಕೈದು ಗೀಸರ್ ನೋಡೀನಿ, ಅದರಾಗ ಒಂದೂ ಡಬ್ಬಿ ಸುಟ್ಟಿದ್ದು ಇದ್ದಿಲ್ಲ. ಎರಡು ಬರೇ ಸೆಲ್ಲಿಂದು, ಸೆಲ್ ಬಾಕ್ಸ್ ಗೀಸರಿನ ತಳದಾಗ ಇರೋದ್ರಿಂದ ನೀರಿನ ಹನಿ ಬಿದ್ದು ಸ್ಪ್ರಿಂಗಿಗೆ ಹಸಿರು ಹಿಡಿದಿತ್ತು. ಇನ್ನೊಂದು ಮಾತು, ಸೆಲ್ಲನ್ನ ಬರೇ ಮೀಟರ್ ಹಚ್ಚಿ ನೋಡಬ್ಯಾಡ್ರಿ, ಸುಮ್ನ ಇಟ್ಟಾಗ ವೋಲ್ಟ್ ಸರಿ ತೋರಸತೈತಿ, ಸ್ಪಾರ್ಕ್ ಆಗೋ ಹೊತ್ತಿನ್ಯಾಗ ಅಳೀರಿ, ಆವಾಗ ಕುಸಿದ್ರ ಸೆಲ್ ಮುಗದೈತಿ ಅಂತ ಅರ್ಥ.

ನಮ್ಮ ಭಾಗದಾಗ ನಿಜವಾದ ವೈರಿ ನೀರು. ಬೋರ್ ನೀರು ಎಷ್ಟು ಗಡುಸು ಅಂದ್ರ ಹೊಸ ಸ್ಟೀಲ್ ಬಕೆಟ್ ತಿಂಗಳದಾಗ ಬೆಳ್ಳಗ ಆಗತೈತಿ. ಆ ನೀರು ಕಾಯಿಸಿದಾಗ ಅದರಾಗ ಕರಗಿದ್ದ ಕ್ಯಾಲ್ಸಿಯಮ್ಮು ಮೆಗ್ನೀಷಿಯಮ್ಮು ಸುಣ್ಣದಂಗ ಗಟ್ಟಿಯಾಗಿ ಪೈಪಿಗೆ ಮೆತ್ತಿಕೊಳ್ಳತೈತಿ, ಎಷ್ಟು ಬಿಸಿ ಮಾಡ್ತೀರೋ ಅಷ್ಟು ಜಾಸ್ತಿ. ನಮ್ಮದು ಎರಡನೇ ಸಲ ಕೈ ಕೊಟ್ಟಿದ್ದು ಇದರಿಂದ, ಬ್ಯಾಸಿಗಿ ಹೊತ್ತಿಗೆ ಟಕ್ ಟಕ್ ಸಪ್ಪಳಾನ ನಿಂತು ಹೋತು. ಸೆಲ್ ಹೊಸಾವು. ಮೈಕ್ರೋ ಸ್ವಿಚ್ಚಿನ ಪಟ್ಟಿ ಬೆರಳಿಂದ ಒತ್ತಿದ್ರ ಸ್ಪಾರ್ಕ್ ಬರತೈತಿ, ಇದು ಗ್ಯಾಸ್ ಬಂದ್ ಇಟ್ಟು ಮಾಡಿದ ಪರೀಕ್ಷೆ, ಅಂದ್ರ ಕರೆಂಟ್ ಕಡೆ ಎಲ್ಲಾ ಸರಿ, ಪಿನ್ ಹೊರಗ ಬರವಲ್ದು ಅಂತಾತು.

ಪಿನ್ ಯಾಕ ಬರವಲ್ದು ಅಂದ್ರ ಎರಡು ಕಾರಣ ಇರ್ತಾವು, ನೀರಿನ ಒತ್ತಡ ಸಾಲದು, ಇಲ್ಲಾ ಡಯಾಫ್ರಮ್ ಹಾಳಾಗೇತಿ. 10 ಮೀಟರ್ ಎತ್ತರದಿಂದ ನೀರು ಬಂದ್ರ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಪ್ರೆಶರ್ ಸಿಗತೈತಿ, ನಮ್ಮ ಟ್ಯಾಂಕ್ ಗೀಸರಿಗಿಂತ ಮೂರು ಮೀಟರ್ ಮ್ಯಾಲೆ ಇರೋದು, ಅಂದ್ರ 0.3 ಅಷ್ಟ. ಮೊದಲ ಕಡಿಮಿ, ಅದರಾಗ ದಾರಿಯೊಳಗ ಎಲ್ಲೆರ ಅಡ್ಡಿ ಆದ್ರ ಮುಗೀತು. ನೀರು ಒಳಗ ಬರೋ ನಟ್ಟಿನ್ಯಾಗ ಸಣ್ಣ ಜಾಳಿಗಿ ಇರ್ತೈತಿ, ಬಿಚ್ಚಿ ನೋಡಿದ್ರ ಮರಳು, ಸುಣ್ಣದ ಚಕ್ಕಿ, ಟ್ಯಾಂಕಿನ ಪಾಚಿ ಎಲ್ಲಾ ಸೇರಿ ಮುದ್ದಿ ಆಗಿತ್ತು. ಹಳೇ ಹಲ್ಲುಜ್ಜೋ ಬ್ರಷ್ಷಿಂದ ತೊಳೆದೆ. ಶವರ್ ತೂತು ಅರ್ಧ ಮುಚ್ಚಿದ್ವು, ಅದನ್ನ ತಗದು ಒಗದೆ. ಸಪ್ಪಳ ಬಂತು ಖರೆ, ಆದ್ರ ಒಂದೊಂದ ಸಲ ಬರೋದು ಒಂದೊಂದ ಸಲ ಬಾರದು. ಹಂಗಾಗಿ ವಾಟರ್ ವಾಲ್ವಿನ ಸ್ಕ್ರೂ ಬಿಚ್ಚಿ ಡಯಾಫ್ರಮ್ ಹೊರಗ ತಗದೆ. ರಬ್ಬರ್ ಗಡುಸಾಗಿ ಚಪ್ಪಲಿ ಅಟ್ಟಿಯಂಗ ಆಗಿತ್ತು, ನಡುಕ ಕೂದಲೆಳಿ ಅಷ್ಟು ಸೀಳು. ಹುಬ್ಬಳ್ಳಿಗೆ ಹೋದಾಗ ಹಳೇದನ್ನ ಕಿಸೆದಾಗ ಇಟ್ಕೊಂಡು ಹೋಗಿ ಅದರ ಅಳತಿಗೆ ಸರಿ ಹೊಂದೋದು ತಂದೆ, ಪಿನ್ನಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ ಕೂಡಿಸಿದೆ. ಈಗ ನಳ ಸ್ವಲ್ಪ ತಿರುವಿದ್ರೂ ಹತ್ತತೈತಿ. ಗ್ಯಾಸ್ ವಾಲ್ವ್ ಒಳಗ ಮಾತ್ರ ನಾನು ಕೈ ಹಾಕಿಲ್ಲ, ಹಾಕೋದೂ ಇಲ್ಲ.

ಕಾಯಿಲ್ ಅಂದ್ರ ನೀರು ಕಾಯೋ ಪೈಪಿನ ಸುರುಳಿ, ಅದರೊಳಗಿನ ಸುಣ್ಣಕ್ಕ ಕಿರಾಣಿ ಅಂಗಡಿಯೊಳಗ ಸಿಗೋ ನಿಂಬಿ ಉಪ್ಪು ಸಾಕು, ಸಿಟ್ರಿಕ್ ಆಸಿಡ್ ಅಂತಾರಲ್ಲ ಅದು. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 50 ಗ್ರಾಂ ಕರಗಿಸಿ, ಎರಡೂ ನೀರಿನ ಪೈಪ್ ಬಿಚ್ಚಿ, ಒಂದು ಕಡೆ ಪೈಪ್ ತುಂಡು ಕೂಡಿಸಿ ಆಲಿಕಿಯಿಂದ ಸಾವಕಾಶ ಸುರಿದೆ, ಒಳಗ ಬುಸು ಬುಸು ಅಂತ ನೊರಿ ಬರತೈತಿ. ಅರ್ಧ ತಾಸು ಬಿಟ್ಟು ಚೆಲ್ಲಿ ಇನ್ನೊಮ್ಮೆ. ಎರಡನೇ ಸಲ ಹೊರಗ ಬಂದ ನೀರು ಮಜ್ಜಿಗಿಯಂಗ ಇತ್ತು. ಬಾತ್‌ರೂಮ್ ತೊಳೆಯೋ ಆಸಿಡ್ ಹಾಕೇನಂತ ಒಬ್ರು ಹೇಳಿದ್ರು, ದಯವಿಟ್ಟು ಹಾಕಬ್ಯಾಡ್ರಿ, ಅದು ಸುಣ್ಣದ ಜೊತಿ ಹಿತ್ತಾಳಿ ಜೋಡಣೀನೂ ತಿಂತೈತಿ.

ಇಷ್ಟೆಲ್ಲಾ ಮಾಡಿ ನಾನು ಗೀಸರ್ ಸರಿ ಆತು ಅಂತ ಸಮಾಧಾನದಾಗ ಇದ್ದೆ, ದೊಡ್ಡ ತಪ್ಪು ಗೀಸರಿನ್ಯಾಗ ಇದ್ದಿಲ್ಲ, ಅದು ತೂಗು ಹಾಕಿದ ಜಾಗದಾಗ ಇತ್ತು, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ವರ್ಷ ಶ್ರಾವಣದ ಒಂದು ಸೋಮವಾರ ಮಳಿ ಹತ್ತಿತ್ತು, ನನ್ನ ಮಗಳು ತಲಿ ಮ್ಯಾಲೆ ನೀರು ಹಾಕ್ಕೊಳ್ಳಾಕ ಹೋದಾಕಿ ಥಂಡಿ ಗಾಳಿ ಬರತೈತಿ ಅಂತ ಕಿಡಕಿ ಮುಚ್ಚಿಕೊಂಡಾಳ. ಇಪ್ಪತ್ತು ನಿಮಿಷ ಆತು, ಕರೆದ್ರ ಓ ಅಂತಾಳ, ದನಿ ಯಾಕೋ ಜಡ ಇತ್ತು. ಹೊರಗ ಬಂದಾಕಿ ಬಾಗಲ ಚೌಕಟ್ಟು ಹಿಡ್ಕೊಂಡು ನಿಂತಳು, ತಲಿ ಭಾರ ಆಗೇತಪ್ಪ, ಕಾಲು ನಡಗಾಕತ್ತಾವು ಅಂದ್ಲು, ಅಲ್ಲೇ ಕುಸಿದು ಕುಂತ್ಲು. ಅಂಗಳದ ಗಾಳಿಗೆ ಕರಕೊಂಡು ಬಂದು ಕೂಡಿಸಿ, ಆಮ್ಯಾಲೆ ದವಾಖಾನಿಗೆ ಕರಕೊಂಡು ಹೋಗಿ ತೋರಿಸಿಕೊಂಡು ಬಂದ್ವಿ, ದೇವರ ದಯಾ ಸಂಜಿ ಹೊತ್ತಿಗೆ ಹುಷಾರಾದ್ಲು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗ ಐತೇನು?

ಅವತ್ತು ರಾತ್ರಿ ಮನಿಯೊಳಗಿನ ಲೈಟ್ ಆರಿಸಿ ಗೀಸರ್ ಬೆಂಕಿ ನೋಡಿದೆ. ನೀಲಿ ಇರಬೇಕಾದ ಬೆಂಕಿಯ ತುದಿ ಹಳದಿ, ಎಡಕಿನ ಎರಡು ಸಾಲು ಸರಿಯಾಗಿ ಉರಿಯವಲ್ದು. ಬಿಚ್ಚಿದ್ರ ಬರ್ನರಿನ ಬಾಯಾಗ, ಗ್ಯಾಸ್ ಜೊತಿ ಗಾಳಿ ಸೇರೋ ತೂತಿನ್ಯಾಗ ಜೇಡರ ಬಲಿ ಕಟ್ಟಿತ್ತು, ಮ್ಯಾಲೆ ನೀರಿನ ಪೈಪಿಗೆ ಬಿಸಿ ಮುಟ್ಟಿಸೋ ತಾಮ್ರದ ರೆಕ್ಕಿಗಳ ನಡುಕ ಕರೀ ಮಸಿ. 1 ಪಾಲು ಎಲ್‌ಪಿಜಿ ಪೂರ್ತಿ ಉರಿಯಾಕ ಸುಮಾರು 25ರಿಂದ 30 ಪಾಲು ಗಾಳಿ ಬೇಕು. ನಿಮಿಷಕ್ಕ 6 ಲೀಟರಿನ ಗೀಸರ್ ಅಂದ್ರ ಅಡುಗಿ ಒಲಿಯ ನಾಲ್ಕೈದು ಬರ್ನರ್ ಒಟ್ಟಿಗೆ ಹಚ್ಚಿದಂಗ, ಅದನ್ನ ಆರು ಅಡಿ ನಾಲ್ಕು ಅಡಿ ಖೋಲಿಯೊಳಗ ಬಾಗಲಾ ಕಿಡಕಿ ಮುಚ್ಚಿ ಹಚ್ಚಿದ್ರ ಗಾಳಿ ಎಲ್ಲಿಂದ ಬರಬೇಕು. ಗಾಳಿ ಕಡಿಮಿ ಆದ್ರ ಕಾರ್ಬನ್ ಮೋನಾಕ್ಸೈಡ್ ಹುಟ್ಟತೈತಿ, ಅದಕ್ಕ ವಾಸನಿ ಇಲ್ಲ ಬಣ್ಣ ಇಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗಿಂತ ಬಲವಾಗಿ ಅಂಟಿಕೊಳ್ಳತೈತಿ. ನಮಗ ಗೊತ್ತಿರೋ ಗ್ಯಾಸ್ ವಾಸನಿ ಕಂಪನಿಯವರು ಬೇಕಂತಲೇ ಸೇರಿಸಿದ್ದು, ಸೋರಿದ್ರ ಗೊತ್ತಾಗಲಿ ಅಂತ, ಉರಿದ ಮ್ಯಾಲೆ ಅದು ಉಳಿಯಂಗಿಲ್ಲ. ಮಗಳು ಮೂಗಿಗೆ ಏನೂ ಬರಲಿಲ್ಲ ಅಂದಿದ್ದು ಅದಕ್ಕ. ಗೀಸರ್ ಕೂಡಿಸಾಕ ಬಂದವ ಬಾತ್‌ರೂಮ್ ಒಳಗ ಹಾಕೋ ಮುಂದ ಒಂದು ಮಾತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತಿಗೂ ಅದು ನೆನಪಾದ್ರ ಎದಿ ಝಲ್ ಅಂತೈತಿ.

ಮರುದಿನಾನ ಗೀಸರ್ ಇಳಿಸಿ ಹಿತ್ತಲದಾಗ ಬಟ್ಟಿ ಒಗೆಯೋ ಕಲ್ಲಿನ ಮ್ಯಾಲೆ, ಎರಡು ಕಡೆ ಬಯಲು ಇರೋ ತಗಡಿನ ಸೂರಿನ ಕೆಳಗ ಗೋಡಿಗೆ ಹಾಕಿದೆ. ಬಾತ್‌ರೂಮಿಗೆ ಈಗ ಬರೇ ಬಿಸಿನೀರಿನ ಪೈಪ್ ಹೋಗತೈತಿ. ಬರ್ನರ್ ಮತ್ತ ರೆಕ್ಕಿ ಎರಡನ್ನೂ ಮೆತ್ತನ ಬ್ರಷ್ಷು ಸೈಕಲ್ ಪಂಪಿನ ಗಾಳಿಯಿಂದ ಸ್ವಚ್ಛ ಮಾಡಿದೆ, ಬೆಂಕಿ ಪೂರ್ತಿ ನೀಲಿ ಬಂತು. ಗ್ಯಾಸ್ ಪೈಪ್ ಹೊಸಾದು, ಐಎಸ್‌ಐ ಮಾರ್ಕಿನ ಸುರಕ್ಷಾ ಪೈಪ್, ಅದರ ಜೋಡಣಿ ಮಾತ್ರ ಗ್ಯಾಸ್ ಏಜೆನ್ಸಿಯವರ ಕೈಲೆ ಮಾಡಿಸಿದೆ. ಪಾತ್ರಿ ತಿಕ್ಕೋ ಲಿಕ್ವಿಡ್ ನೀರಾಗ ಕಲಿಸಿ ಜೋಡಣಿಗೆಲ್ಲಾ ಸವರಿ ಗುಳ್ಳಿ ಬರತೈತೇನು ನೋಡಿದೆ, ಕಡ್ಡಿ ಗೀರಿ ನೋಡೋರು ಇನ್ನೂ ಅದಾರ, ಹಂಗ ಮಾಡಬ್ಯಾಡ್ರಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ನೆಲದ ಮಟ್ಟದಾಗ ಬಂದು ನಿಲ್ಲತೈತಿ. ಸೋರಿಕಿಗೆ 1906 ನಂಬರ್ ಐತಿ, ಸೂರಿನ ಕಂಬಕ್ಕ ದೊಡ್ಡ ಅಕ್ಷರದಾಗ ಬರದು ಅಂಟಿಸೀನಿ.

ಹೊರಗ ಹಾಕಿದ್ರ ಬ್ಯಾರೆ ತಕರಾರು ಬಂತು. ಆಷಾಢದ ಗಾಳಿ ನಮ್ಮ ಕಡೆ ಹೆಂಗ ಬೀಸತೈತಿ ನಿಮಗ ಗೊತ್ತು, ಬೆಂಕಿ ಅಲುಗಾಡಿ ಆರಾಕ ಹತ್ತಿತು. ಮತ್ತ ಸೆನ್ಸರ್ ಅಂತ ಬಿಚ್ಚಿದೆ, ಅದು ಸ್ವಚ್ಛ ಇತ್ತು. ಪಡುವಣ ಕಡೆಗೆ ಮಾತ್ರ ಒಂದೂವರೆ ಅಡಿ ದೂರದಾಗ ತಗಡಿನ ಮರೆ ನಿಲ್ಲಿಸಿದೆ, ಮ್ಯಾಲೆ ಕೆಳಗ ಬಯಲು ಬಿಟ್ಟು, ಅವತ್ತಿಂದ ಆರಿಲ್ಲ. ಪೈಪ್ ಉದ್ದ ಆಗಿದ್ದಕ್ಕ ಬಿಸಿನೀರು ಬರೋದ್ರಾಗ ಅರ್ಧ ಬಕೆಟ್ ತಣ್ಣೀರು ಹೋಗತೈತಿ, ನಮ್ಮವ್ವ ಅದನ್ನ ಹಿಡಿದಿಟ್ಟು ತುಳಸಿಕಟ್ಟಿಗೂ ಕರಿಬೇವಿನ ಗಿಡಕ್ಕೂ ಹಾಕತಾಳ. ಪೈಪಿಗೆ ಫೋಮ್ ಸುತ್ತಬೇಕು ಅಂತ ತಂದಿಟ್ಟೀನಿ, ಈ ಜಾತ್ರಿ ಬರೋದ್ರಾಗ ಅದೊಂದು ಕೆಲಸ ಮುಗಿಸಬೇಕು.