ಮಾಚಿಪತ್ರೆ ಮಡಿ ಪಕ್ಕದ ಟೊಮೆಟೊ ಸಸಿ

ನಮ್ಮತ್ತೆಗೆ ಮಾಚಿಪತ್ರೆ ಇಲ್ಲದ ಹೂವಿನ ದಂಡೆ ದಂಡೆಯೇ ಅಲ್ಲ. ಹಳೇಬೀಡಿನ ಹತ್ತಿರ ನಮ್ಮ ಮನೆ ಹಿತ್ತಲಲ್ಲಿ ಅವರದೇ ಒಂದು ಮಾಚಿಪತ್ರೆ ಮಡಿ ಇದೆ. ಮದುವೆ ಕಾಲದಲ್ಲಿ ವಾರಕ್ಕೆ ಮೂರು ಸಲ ಕೊಯ್ದು, ಸೇವಂತಿಗೆ ಜೊತೆ ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಅದೇ ಹಿತ್ತಲಲ್ಲಿ ನಾನು ಟ್ರೇಗಳಲ್ಲಿ ಟೊಮೆಟೊ ಸಸಿ ಬೆಳೆಸುತ್ತೇನೆ. ಮಡಿ ಪಕ್ಕದ ಟ್ರೇಗಳಲ್ಲಿ ಎಲೆ ತೂತಾಗುವುದು ಕಡಿಮೆ ಅಂತ ಮೊದಲು ಗಮನಿಸಿದ್ದು ಅತ್ತೆಯೇ. "ಈ ವಾಸ್ನೆಗೆ ಹುಳ ಬರಲ್ಲ ಕಣವ್ವ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಓದಿದ್ದು ಬೇರೆಯೇ ಕಥೆ. 1990ರಲ್ಲಿ ಅಮೆರಿಕದಲ್ಲಿ ಫಾರ್ಮರ್ ಮತ್ತು ರಯಾನ್ ಎಂಬ ಇಬ್ಬರು ವಿಜ್ಞಾನಿಗಳು ಟೊಮೆಟೊ ಗಿಡವನ್ನು ಸೇಜ್‌ಬ್ರಷ್ ಎಂಬ ಗಿಡದ ರೆಂಬೆ ಜೊತೆ ಒಂದೇ ಮುಚ್ಚಿದ ಪಾತ್ರೆಯಲ್ಲಿಟ್ಟು ನೋಡಿದ್ದರು. ಒಂದಕ್ಕೊಂದು ತಾಗಿರಲಿಲ್ಲ. ಆದರೂ ಟೊಮೆಟೊ ಎಲೆಯಲ್ಲಿ ಹುಳದ ಹೊಟ್ಟೆ ಕೆಡಿಸುವ ಪ್ರೋಟೀನ್ ತುಂಬಿಕೊಂಡಿತು. ಅಂಥ ಎಲೆ ತಿಂದರೆ ಹುಳಕ್ಕೆ ಸರಿಯಾಗಿ ಜೀರ್ಣವಾಗುವುದಿಲ್ಲ, ಅದು ಅಷ್ಟಾಗಿ ಬೆಳೆಯುವುದೂ ಇಲ್ಲ. ಕಾರಣ, ಸೇಜ್‌ಬ್ರಷ್ ಗಾಳಿಗೆ ಬಿಡುವ ಮೀಥೈಲ್ ಜಾಸ್ಮೊನೇಟ್. ಮಲ್ಲಿಗೆ ಎಣ್ಣೆಯಲ್ಲೂ ಇರುವ ವಸ್ತು ಅದು. ಈ ಸೇಜ್‌ಬ್ರಷ್ ನಮ್ಮ ಮಾಚಿಪತ್ರೆಯ ದಾಯಾದಿ. ಎರಡೂ ಆರ್ಟಿಮಿಸಿಯ ಕುಲದವು.

ಹಾಗಾದರೆ ವಾಸನೆಗೆ ಹೆದರಿ ಹುಳ ಓಡುತ್ತಿದೆಯೋ, ಇಲ್ಲಾ ಟೊಮೆಟೊವೇ ತಯಾರಾಗುತ್ತಿದೆಯೋ? ಇದನ್ನು ನೋಡಲೇಬೇಕು ಅನ್ನಿಸಿತು.

ಮೊದಲ ಸಲ ಪೂರ್ತಿ ಕೆಟ್ಟೆ. ಬೀಜ ಹಾಕಿದ ದಿನವೇ ಎರಡು ಟ್ರೇಗಳನ್ನು ಮಡಿಗೆ ಅಂಟಿಸಿಟ್ಟೆ. ಮೊಳಕೆ ತಡವಾಗಿ, ಅಲ್ಲೊಂದು ಇಲ್ಲೊಂದು ಬಂತು. ಸೇಜ್‌ಬ್ರಷ್ ವಾಸನೆ ಅಕ್ಕಪಕ್ಕದ ಬೀಜಗಳ ಮೊಳಕೆಯನ್ನು ತಡೆಯುತ್ತದೆ ಅಂತ ಆಮೇಲೆ ತಿಳಿಯಿತು. ಸರಿ ಅಂತ ಸಸಿ ಬಂದ ಮೇಲೆ ಟ್ರೇಗಳನ್ನು ಹತ್ತು ಅಡಿ ಆಚೆಗಿಟ್ಟೆ. ಆಷಾಢದ ಗಾಳಿ, ಕೇಳಬೇಕೇ! ಕೊಯ್ದ ವಾಸನೆಯೆಲ್ಲ ರಸ್ತೆ ಕಡೆಗೆ ಹೋಯಿತು. ಸಸಿಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಿಜ್ಞಾನಿ ರಿಚರ್ಡ್ ಕಾರ್ಬನ್ ಅವರ ತಂಡ ಬಯಲಲ್ಲಿ ಸೇಜ್‌ಬ್ರಷ್ ಕತ್ತರಿಸಿ ಮಾಡಿದ ಪ್ರಯೋಗದಲ್ಲೂ ಈ ಪರಿಣಾಮ ಕಂಡದ್ದು ಸುಮಾರು 60 ಸೆಂಟಿಮೀಟರ್ ಒಳಗೆ ಮಾತ್ರ. ಅತ್ತೆ ಲೆಕ್ಕದಲ್ಲಿ ಒಂದು ಮೊಳಕ್ಕೆ ಸ್ವಲ್ಪ ಜಾಸ್ತಿ, ಅಷ್ಟೇ.

ಎರಡನೇ ಸಲ ಸಸಿಗೆ ನಾಲ್ಕು ಎಲೆ ಬಂದ ಮೇಲೆ ಎರಡು ಟ್ರೇಗಳನ್ನು ಮಡಿಯಿಂದ ಒಂದು ಮೊಳ ದೂರದಲ್ಲಿಟ್ಟೆ. ಗಾಳಿ ಬರುವ ಕಡೆ ಗೋಣಿಚೀಲ ಕಟ್ಟಿದೆ. ಇನ್ನೆರಡು ಟ್ರೇ ಮನೆಯ ಆ ಬದಿಗೆ. ದಿನ ಬಿಟ್ಟು ದಿನ ಬೆಳಿಗ್ಗೆ ಮಾಚಿಪತ್ರೆಯ ಒಂದಷ್ಟು ಕುಡಿಗಳನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ. ಎಲೆ ಗಾಯವಾದಾಗ ಹೊರಗೆ ಬರುವ ವಾಸನೆಯ ವಸ್ತುಗಳೇ ಇಲ್ಲಿ ಮುಖ್ಯ. ಹುಲ್ಲು ಕೊಯ್ದಾಗ ಮೂಗಿಗೆ ಬಡಿಯುವ ಹಸಿ ವಾಸನೆಯೂ ಅಂಥದ್ದೇ. ಎಲೆಯೊಳಗಿನ ಕೊಬ್ಬು ಒಡೆದು ಕೆಲವೇ ಸೆಕೆಂಡಿನಲ್ಲಿ ಅದು ಹುಟ್ಟುತ್ತದೆ. ಪಕ್ಕದ ಟೊಮೆಟೊ ಅದರಲ್ಲಿ ಒಂದನ್ನು ಹೀರಿ, ಸಕ್ಕರೆ ಜೊತೆ ಜೋಡಿಸಿ, ಹುಳಕ್ಕೆ ಆಗದ ವಸ್ತುವಾಗಿ ಮಾಡಿಕೊಳ್ಳುತ್ತದೆ ಅಂತ 2014ರಲ್ಲಿ ಜಪಾನಿನವರು ತೋರಿಸಿದ್ದಾರೆ. ಅವರು ಬಳಸಿದ್ದು ನಮ್ಮಲ್ಲೂ ಕಾಟ ಕೊಡುವ ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳವನ್ನೇ.

ಹತ್ತು ದಿನ ಆದ ಮೇಲೆ ಎಲ್ಲ ಸಸಿಗಳನ್ನೂ ಮಾಚಿಪತ್ರೆಯಿಂದ ದೂರ, ಕೆರೆ ಕಡೆಯ ಹೊಲದಲ್ಲಿ ಬೆರೆಸಿ ನೆಟ್ಟೆ. ನನ್ನ ಪ್ರಶ್ನೆಗೆ ಉತ್ತರ ಸಿಗಬೇಕಿದ್ದದ್ದು ಇಲ್ಲೇ. ಹೊಲದಲ್ಲಿ ವಾಸನೆ ಇಲ್ಲ, ಅಲ್ವಾ? ಅಲ್ಲೂ ಹುಳ ಕಡಿಮೆ ತಿಂದರೆ ಬದಲಾಗಿರುವುದು ಸಸಿಯೇ. ಮಡಿ ಪಕ್ಕದ 40 ಸಸಿಗಳಿಗೆ ಗುರುತಿಗೆ ಅತ್ತೆಯ ಹೂವಿನ ಬುಟ್ಟಿಯಿಂದ ಬಾಳೆನಾರು ಕದ್ದು ಕಟ್ಟಿದೆ. ಮೂರು ವಾರಕ್ಕೆ ಬಗ್ಗಿ ಬಗ್ಗಿ ಎಣಿಸಿದೆ. ನಾರು ಕಟ್ಟಿದ 40ರಲ್ಲಿ 9 ಗಿಡಗಳ ಎಲೆ ಹುಳ ತಿಂದಿತ್ತು. ಕಟ್ಟದ 40ರಲ್ಲಿ 17. ಎಲೆಯೊಳಗೆ ಕೊರೆಯುವ ರಂಗೋಲಿ ಹುಳದ ಗೆರೆ ಎರಡರಲ್ಲೂ ಒಂದೇ. ಬಿಳಿ ನೊಣವೂ ಅಷ್ಟೇ, ಅದು ಹರಡುವ ಎಲೆ ಮುದುಡು ರೋಗ ಯಾರನ್ನೂ ಬಿಡಲಿಲ್ಲ. ನಾರು ಕಟ್ಟಿದ ಸಸಿಗಳು ಒಂದು ಬೆರಳಷ್ಟು ಗಿಡ್ಡವೂ ಆಗಿದ್ದವು. ಕಾವಲಿಗೆ ಖರ್ಚು ಮಾಡಿದರೆ ಬೆಳವಣಿಗೆಗೆ ಕಡಿಮೆಯಾಗುತ್ತದೆ. ಮಡಿಯ ನೆರಳೂ ಬಿದ್ದಿತ್ತು ಅನ್ನಿ.

ಹುಳದ ಔಷಧಿ ಅಂಗಡಿಯಲ್ಲಿ ಇದನ್ನು ಹೇಳಿದರೆ ನಕ್ಕರು. ನಗಲಿ. ಒಂದೇ ಬೆಳೆಯ 80 ಗಿಡ ನೋಡಿ ಔಷಧಿ ಹೊಡೆಯುವುದನ್ನು ನಾನೂ ಬಿಟ್ಟಿಲ್ಲ. ಆದರೆ 'ಗಿಡಗಳು ಮಾತಾಡಿಕೊಳ್ಳುತ್ತವೆ' ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ನಮಗೆ ಘಾಟು ಬರುತ್ತದೆ, ಕಿಟಕಿ ಹಾಕಿಕೊಳ್ಳುತ್ತೇವೆ. ಅವರೇನು ನಮಗೆ ಹೇಳಿ ಕಳಿಸಿರುತ್ತಾರಾ?

ಈ ಸಲ ಬೀನ್ಸ್ ಜೊತೆ ನೋಡುತ್ತಿದ್ದೇನೆ. ಜಪಾನಿನಲ್ಲಿ ಕಳೆ ಕತ್ತರಿಸಿ ಎಳೆ ಸೋಯಾ ಗಿಡಗಳ ಹತ್ತಿರ ಎರಡು ಮೂರು ವಾರ ಇಟ್ಟಾಗ ಹುಳದ ಕಾಟ ಕಡಿಮೆಯಾಗಿತ್ತಂತೆ. ಗೌರಿ ಹಬ್ಬ ಬಂತು, ಅತ್ತೆ ಹೇಗೂ ಮಡಿಯನ್ನು ಬೋಳಿಸುತ್ತಾರೆ. ಕತ್ತರಿ ಹಿಡಿಯುವ ಹಿಂದಿನ ದಿನ ನನಗೆ ಹೇಳಿ ಅಂದಿದ್ದೇನೆ. "ಬಾಳೆನಾರು ಮುಟ್ಟಂಗಿಲ್ಲ" ಅನ್ನುವ ಕರಾರಿನ ಮೇಲೆ ಒಪ್ಪಿದ್ದಾರೆ.